ಬಾಣಂತನಕ್ಕೆ ಮೂವತ್ತು ದಿನ

ದೊಡ್ಡಬಳ್ಳಾಪುರದ ನಮ್ಮ ಮನೆಯ ಮೇಲೆ ಹೊತ್ತುಹೊತ್ತಿಗೂ ವಿಮಾನ ಹಾದುಹೋಗುತ್ತದೆ. ಕೆಳಗೆ ಮಗ್ಗಗಳು ಆಡುತ್ತಿದ್ದರೆ ವಿಮಾನದ ಸದ್ದು ಕೂಡ ನಮಗೆ ಕೇಳುವುದಿಲ್ಲ. ಅದರೊಳಗೆ ನಾನೂ ಕೂತು ಬಾಣಂತನ ಮಾಡಲು ಮಲೇಷ್ಯಾಕ್ಕೆ ಹೋಗುತ್ತೇನೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಮಗಳು ಅಲ್ಲಿ ಗಂಡನ ಜೊತೆ ಇದ್ದಾಳೆ. ಅಳಿಯನಿಗೆ ಬಟ್ಟೆ ಕಾರ್ಖಾನೆಯಲ್ಲಿ ಮಗ್ಗ ರಿಪೇರಿ ಕೆಲಸ. ಘಾಟಿಯ ದೇವರಿಗೆ ಹರಕೆ ಹೊತ್ತು, ಮದುವೆಯಾಗಿ ಎಷ್ಟೋ ವರ್ಷಕ್ಕೆ ನಿಂತ ಬಸುರು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಎಂದು ನಾನು ಹಟ ಹಿಡಿದಿದ್ದೆ. ಅಲ್ಲಿಯ ಡಾಕ್ಟರು ಅವಳು ಹಾಸಿಗೆ ಬಿಟ್ಟು ಏಳಕೂಡದು, ವಿಮಾನದ ಮಾತೇ ಬೇಡ ಎಂದುಬಿಟ್ಟರು. ಮಗಳು ತವರಿಗೆ ಬರದಿದ್ದರೆ ತವರೇ ಮಗಳ ಹತ್ತಿರ ಹೋಗಬೇಕಲ್ಲ.

"ವೀಸಾನೇ ಬೇಡ ಕಣಕ್ಕಾ. ನೆಂಟರ ಮನೆಗ್ ಹೋದಂಗೆ ಹೋಗ್ಬಿಟ್ ಬನ್ನಿ. ಮೂವತ್ ದಿನ ಯಾರೂ ಕೇಳಲ್ಲ" ಎಂದ ಟಿಕೆಟ್ ಮಾಡಿಸಿಕೊಡುವವನು.

ನಮ್ಮತ್ತೆ ಪಂಚಾಂಗ ನೋಡಿಸಿದರು. ಆಷಾಢ ಹುಟ್ಟಿದ ಮೇಲೆ ಅಷ್ಟು ದೂರದ ಪ್ರಯಾಣ ಬೇಡ, ಅಮಾವಾಸ್ಯೆಗೆ ಮೊದಲೇ ಹೊರಡು ಎಂದರು. ಡಾಕ್ಟರು ಹೇಳಿದ ದಿನಕ್ಕೆ ಇನ್ನೂ ಎರಡು ವಾರವಿತ್ತು. ಕೊನೆ ಗಳಿಗೆಯಲ್ಲಿ ಓಡುವುದಕ್ಕಿಂತ ವಾಸಿ ಎಂದು ನಾನೂ ಒಪ್ಪಿದೆ. ಬಾಣಂತನಕ್ಕೆ ಮುಂಚೆ ಹೋದವಳನ್ನು ನಮ್ಮ ಕಡೆ ಯಾರೂ ಬೈಯುವುದಿಲ್ಲ.

ದೇವನಹಳ್ಳಿ ಏರ್‌ಪೋರ್ಟಿನ ಕೌಂಟರಿನಲ್ಲಿ ವಾಪಸ್ ಟಿಕೆಟ್ ಎಲ್ಲಿ, ಇಳಿದುಕೊಳ್ಳುವ ವಿಳಾಸ ಎಲ್ಲಿ, ಮೊಬೈಲಿನಲ್ಲಿ ತುಂಬಿದ ಫಾರಂ ಎಲ್ಲಿ ಎಂದು ಒಂದೊಂದಾಗಿ ಕೇಳಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ ಎಂದು ಗೊಣಗಿದೆ. ಮಲೇಷ್ಯಾದಲ್ಲಿ ಇಳಿದಾಗ ಅಧಿಕಾರಿ ಪಾಸ್‌ಪೋರ್ಟಿಗೆ ಮೊಹರು ಒತ್ತಿ ನಗುತ್ತಲೇ ಕೊಟ್ಟ. ನನ್ನ ದಿನಗಳು ಆ ಹೊತ್ತಿನಿಂದಲೇ ಸವೆಯತೊಡಗಿದವು.

ಡಾಕ್ಟರು ಹೇಳಿದ ದಿನ ಬಂತು, ಹೋಯಿತು. ಬೆಳಗೆದ್ದರೆ ಮಗಳ ಮುಖ ನೋಡುವುದು, ನೋವು ಬಂತಾ ಎಂದು ಕೇಳುವುದು, ಇದೇ ನನ್ನ ಕೆಲಸವಾಯಿತು. ಕೇಳಿ ಕೇಳಿ ಅವಳಿಗೂ ರೇಗಿತು. ಇನ್ನೂ ಹುಟ್ಟದ ಕೂಸಿನ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಎಂಥ ಅಜ್ಜಿಯಪ್ಪಾ ನಾನು ಎಂದು ಆಮೇಲೆ ನಾಚಿಕೆಯಾಗುತ್ತಿತ್ತು.

ಒಂದು ವಾರ ತಡವಾಗಿ, ಆಪರೇಷನ್ ಮಾಡಿ, ಹೆಣ್ಣುಕೂಸನ್ನು ತೆಗೆದರು. ಮಗಳು ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು. ನನ್ನ ಕೈಯಲ್ಲಿ ಉಳಿದಿದ್ದು ಎಂಟು ದಿನ.

ಅಳಿಯ ರಜೆ ಹಾಕಿ ವೀಸಾ ಕಚೇರಿಗೆ ಹೋಗಿ ಬಂದ. "ಕೇಳ್ಬಿಟ್ ಬಂದೆ ಅತ್ತೆ. ದಿನ ಹೆಚ್ಚಿಗೆ ಕೊಡಲ್ವಂತೆ. ಹುಷಾರಿಲ್ದೆ ಮಲಗಿರೋದು ನೀವೇ ಆಗಿದ್ರೆ ನೋಡ್ತಿದ್ರಂತೆ" ಎಂದ.

"ಹಂಗಾದ್ರೆ ಮೆಟ್ಲಿಂದ ಬೀಳ್ತೀನಿ ಬಿಡು" ಎಂದೆ. ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

ತಾಯಿ ಮಗುವನ್ನು ಊರಿಗೇ ಕರೆದುಕೊಂಡು ಹೋಗುತ್ತೇನೆ ಎಂದೆ. ಕೂಸಿಗೆ ಪಾಸ್‌ಪೋರ್ಟ್ ಇಲ್ಲ. ಒಮ್ಮೆ ದೇಶದ ಹೊರಗೆ ಹೋಗಿ ತಿರುಗಿ ಬಂದರೆ ಎಂದೆ. ಬಿಡಲೂಬಹುದು, ಬಿಡದೆಯೂ ಇರಬಹುದು, ಅದು ಬಾಗಿಲಲ್ಲಿ ಕೂತವರ ಇಷ್ಟವಂತೆ. ಸುಮ್ಮನೆ ಉಳಿದುಬಿಡುತ್ತೇನೆ, ಜೈಲಿಗೆ ಹಾಕಿದರೆ ಹಾಕಲಿ ಎಂದೆ. ಅಳಿಯ ತಲೆ ತಗ್ಗಿಸಿದ. ತನ್ನ ಕೆಲಸಕ್ಕೂ ಕುತ್ತು ಬಂದೀತು ಎಂಬ ಭಯ ಅವನದು. ಅವನನ್ನು ಹೇಗೆ ಬೈಯಲಿ? ಬೈಯಲು ಒಬ್ಬರಾದರೂ ಎದುರಿಗೆ ಇದ್ದಿದ್ದರೆ ನನಗೆ ಅರ್ಧ ಹಗುರಾಗುತ್ತಿತ್ತು.

ಪುರುಡು ಕಳೆಯುವ ಹನ್ನೊಂದನೇ ದಿನ ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ತವರಿನ ಅಜ್ಜಿ. ನನ್ನ ಮಕ್ಕಳಿಗೆ ನಮ್ಮಮ್ಮ ಹಾಕಿದ್ದಳು. ಅದಕ್ಕೆ ಮೂರು ದಿನ ಮೊದಲೇ ನನ್ನ ವಿಮಾನ. ಮಗಳು ಬಗ್ಗುವ ಹಾಗಿಲ್ಲ. ಕೊನೆಗೆ ಅಳಿಯನನ್ನೇ ಬಚ್ಚಲಲ್ಲಿ ಕೂರಿಸಿ, ಪ್ಯಾಂಟು ಮಡಚಿಸಿ, ಕಾಲು ಚಾಚಿಸಿ, ಕೂಸಿನ ಬದಲು ಒಂದು ದಿಂಬು ಮಲಗಿಸಿ ಹೇಳಿಕೊಟ್ಟೆ. ಕುತ್ತಿಗೆ ಜೋಪಾನ, ಕಿವಿಗೆ ನೀರು ಹೋಗಬಾರದು. ಅವನು ಶಾಲೆಯ ಮಗುವಿನಂತೆ ತಲೆಯಾಡಿಸಿದ. ದಿಂಬು ಎರಡು ಸಲ ಜಾರಿ ಬಿತ್ತು.

ಹೊರಡುವ ದಿನ ಮಗಳು ಅಳಲಿಲ್ಲ. "ಹೋಗ್ಬಾಮ್ಮ" ಎಂದಳು. ಹೋಗುವುದು ಬರುವುದು ನನ್ನ ಕೈಯಲ್ಲಿದ್ದರೆ ಹೋಗುತ್ತಲೇ ಇರಲಿಲ್ಲ. ಹೊರಹೋಗುವ ಬಾಗಿಲಲ್ಲೂ ಮೊಹರು ಒತ್ತಿದವರು ನಗುತ್ತಲೇ ಕೊಟ್ಟರು.

ಹನ್ನೊಂದನೇ ದಿನ ನಮ್ಮ ಮನೆಯವರು ಮಗ್ಗಗಳನ್ನೆಲ್ಲ ನಿಲ್ಲಿಸಿದರು. ಮನೆ ಅಷ್ಟು ಸುಮ್ಮನಾಗಿದ್ದನ್ನು ನಾನು ನೋಡಿರಲಿಲ್ಲ. ಮೊಬೈಲನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತೆ. ಅಲ್ಲಿ ಮಗಳು ಬಾಗಿಲಿಗೆ ಒರಗಿ ಫೋನ್ ಹಿಡಿದಿದ್ದಳು. ಅಳಿಯ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಚೆಂಬು ಎತ್ತಿದ. ನೀರು ಬಿಸಿ ಹೆಚ್ಚಾಗಿದೆಯೋ ಏನೋ, ಮೊದಲು ನಿನ್ನ ಕೈಗೆ ಹುಯ್ದುಕೊಂಡು ನೋಡು ಎಂದು ಕೂಗಿದೆ. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಎತ್ತಿದ ಚೆಂಬು, ಬಾಯಿ ತೆರೆದ ಕೂಸು. ನನ್ನ ಮಾತು ಅವನಿಗೆ ಮುಟ್ಟಿತೋ ಇಲ್ಲವೋ.

ಮತ್ತೆ ಹತ್ತಿಕೊಳ್ಳಲಿ ಎಂದು ಕಾಯುತ್ತಾ ಕೂತೆ. ನಮ್ಮ ಮನೆಯವರು ಬಂದು, "ಕಾಲ್ ಮಡಚ್ಕೊಳೇ, ಜೋಮು ಹಿಡಿಯುತ್ತೆ" ಎಂದರು. ಆಗ ನೋಡಿಕೊಂಡೆ. ಸೀರೆಯನ್ನು ಮೊಣಕಾಲ ಮೇಲಕ್ಕೆ ಸರಿಸಿ, ಎರಡೂ ಕಾಲು ಉದ್ದಕ್ಕೆ ಚಾಚಿ ಕೂತಿದ್ದೆ.