ರೊಟ್ಟಿ ಅಂತ ಬರೆದಿತ್ತು, ಅದಕ್ಕೇ ಸಹಿ ಹಾಕಿದೆ

ಮೊದಲ ತುತ್ತನ್ನು ನಾನು ಅಗಿದೆ. ಅದೇ ತಪ್ಪಾಯಿತು.

ತಟ್ಟೆಯ ನಡುವೆ ಕಂದು ಬಣ್ಣದ, ತುಪ್ಪ ಸವರಿದಂತೆ ಹೊಳೆಯುವ, ನನ್ನ ಎರಡು ಮುಷ್ಟಿ ಸೇರಿಸಿದಷ್ಟು ದೊಡ್ಡ ಉಂಡೆ ಕೂತಿತ್ತು. ಸುತ್ತ ಸೊಪ್ಪಿನ ಸಾರು. ಹಬೆ ಏರಿ ಕನ್ನಡಕ ಮಂಜಾಯಿತು. ನಮ್ಮ ಕಡೆ ರೊಟ್ಟಿ ಮುರಿಯುವ ಹಾಗೆ ಅದರ ಅಂಚು ಮುರಿಯಲು ಹೋದೆ. ಮುರಿಯಲಿಲ್ಲ, ಬೆರಳಿಗೆ ಅಂಟಿಕೊಂಡು ಚುರ್ ಎಂದು ಸುಟ್ಟಿತು. ಹೇಗೋ ಬಾಯಿಗೆ ಹಾಕಿ ಹಲ್ಲಿಗೆ ಕೊಟ್ಟೆ. ಹಲ್ಲು, ನಾಲಿಗೆ, ಅಂಗುಳು ಎಲ್ಲಾ ಒಂದಕ್ಕೊಂದು ಅಂಟಿಕೊಂಡವು. ಎದುರಿಗೆ ಕೂತಿದ್ದ ನನ್ನ ರೂಮಿನ ಜೊತೆಗಾತಿ ಭೂಮಿಕಾ ಬೆಂಚಿನಿಂದ ಅರ್ಧ ಎದ್ದು ಕೂಗಿದಳು: "ಅಗೀಬ್ಯಾಡ ಕಣೇ! ನುಂಗು! ಅಂಗೇ ನುಂಗ್ಬುಡು!"

ಮೆಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಒಂದು ಲೋಟ ನೀರು ಕುಡಿದು ಆ ತುತ್ತನ್ನು ಇಳಿಸಿದೆ. ಹತ್ತೊಂಬತ್ತು ವರ್ಷ ಅನ್ನವನ್ನು ಅಗಿದು ತಿನ್ನಬೇಕು ಎಂದು ಕಲಿತು ಬಂದವಳಿಗೆ, ಅಗಿಯಬೇಡ ಎಂದು ಬೈಯುವ ಊರು ಇದು.

ನಾನು ಇಂಡಿ ತಾಲ್ಲೂಕಿನವಳು, ಹೆಸರು ದಾನೇಶ್ವರಿ. ನಮ್ಮಪ್ಪನದು ಹಿಟ್ಟಿನ ಗಿರಣಿ. ಜೋಳ, ಗೋಧಿ, ಕಡಲೆ ಬೀಸುವ ಸದ್ದಿನಲ್ಲೇ ನಾನು ಓದಿ ಬೆಳೆದದ್ದು. ಈಗ ಫಿಸಿಯೋಥೆರಪಿ ಓದಲು ಪಾಂಡವಪುರದಿಂದ ನಾಗಮಂಗಲಕ್ಕೆ ಹೋಗುವ ರಸ್ತೆಯ ಪಕ್ಕದ ಒಂದು ಕಾಲೇಜಿಗೆ ಬಂದು ಸೇರಿದ್ದೇನೆ. ನಮ್ಮ ಕಡೆಯವರು ಇದನ್ನು ಓದಿ ನಗಬಹುದು: ಕರ್ನಾಟಕದ ಒಳಗೇ ಇದ್ದೀ, ಇದೆಂಥ ವಲಸೆ? ನಾನೂ ಹಾಗೇ ಅಂದುಕೊಂಡಿದ್ದೆ. ಅಪ್ಪನ ಜೊತೆ ಬೆಳಗಿನ ರೈಲಿನಲ್ಲಿ ಪಾಂಡವಪುರ ಸ್ಟೇಷನ್ನಿನಲ್ಲಿ ಇಳಿದಾಗ ಮೊದಲು ಕಂಡದ್ದು ನೀರು. ರಸ್ತೆಯ ಪಕ್ಕದಲ್ಲಿ, ಯಾರೂ ಕೇಳದೆ, ಯಾರೂ ಕೊಡ ಹಿಡಿದು ಕಾಯದೆ, ನಾಲೆಯ ತುಂಬ ಸುಮ್ಮನೆ ಹರಿದು ಹೋಗುತ್ತಿದ್ದ ನೀರು. ಅಪ್ಪ ಚೀಲ ಕೆಳಗಿಟ್ಟು ಎರಡು ನಿಮಿಷ ಅದನ್ನೇ ನೋಡುತ್ತ ನಿಂತರು. ಆಮೇಲೆ, "ಇಷ್ಟ್ ನೀರ ಕುಡದ ಜನಾ ಏನ್ ಉಣ್ತಾರೋ ಯಾರಿಗೊತ್ತು" ಅಂದರು.

ಅಪ್ಪನ ಚಿಂತೆಗೆ ಕಾರಣವಿತ್ತು. ಪಿಯುಸಿಗೆ ನನ್ನನ್ನು ಒಂದು ದೊಡ್ಡ ಊರಿನ ಹಾಸ್ಟೆಲಿನಲ್ಲಿ ಬಿಟ್ಟಿದ್ದರು. ಊಟ ಸೇರದೆ, ಯಾರಿಗೂ ಹೇಳದೆ, ಅರ್ಧ ಹೊಟ್ಟೆಯಲ್ಲಿದ್ದು ಸೊರಗಿ ಎರಡೇ ತಿಂಗಳಿಗೆ ಮನೆಗೆ ಬಂದು ಮಲಗಿದ್ದೆ. ಒಂದು ವರ್ಷ ಹಾಳಾಯಿತು. ಈ ಸಲ ಹಟ ಮಾಡಿ ಸೀಟು ತೆಗೆದುಕೊಂಡಾಗ ಅಪ್ಪ ಒಂದೇ ಮಾತು ಹೇಳಿದ್ದರು: "ದೀಪಾವಳಿ ಮಟಾ ನೋಡ್ತೀನಿ ಮಗಳ. ಊಟ ಹೊಂದಲಿಲ್ಲಂದ್ರ ನಾನೇ ಬಂದು ಕರ್ಕೊಂಡ ಹೋಗ್ತೀನಿ."

ಮೊದಲ ವಾರ ಮೆಸ್ಸಿನಲ್ಲಿ ಯಾರು ಏನು ಬೇಕಾದರೂ ತಿನ್ನಬಹುದಿತ್ತು. ನಾನು ಅನ್ನ, ಮೊಸರು, ಬಾಳೆಹಣ್ಣಿನಲ್ಲಿ ದಿನ ನೂಕಿದೆ. ವಾರದ ಕೊನೆಗೆ ಒಂದು ಫಾರಂ ಕೈಗೆ ಬಂತು. ಮೂರು ಬಗೆಯ ಊಟ. ಒಂದು 'ಉತ್ತರದ ಊಟ', ಮತ್ತೊಂದು 'ನಾಟಿ ಊಟ', ಇನ್ನೊಂದು ಮಧ್ಯಾಹ್ನ ಹೊರಗೆ ತಿನ್ನುವವರಿಗೆ ಬೆಳಿಗ್ಗೆ ಮತ್ತು ರಾತ್ರಿಯದು ಮಾತ್ರ. ದವಸವನ್ನು ಮೊದಲೇ ತರಿಸಿ ಇಡುವುದರಿಂದ ಒಮ್ಮೆ ಸಹಿ ಹಾಕಿದರೆ ಸೆಮಿಸ್ಟರ್ ಮುಗಿಯುವವರೆಗೆ ಬದಲಿಸುವಂತಿಲ್ಲ.

ಉತ್ತರ ಎಂದ ಕೂಡಲೇ ನನ್ನ ಜೀವ ಜಿಗಿಯಿತು. ಓದಿದರೆ ರಾಜ್ಮಾ, ಪನೀರು, ತಂದೂರಿ. ಅದು ನನ್ನ ಉತ್ತರವಲ್ಲ, ಇನ್ನೂ ಬಹಳ ಮೇಲಿನ ಉತ್ತರ. ನಾಟಿ ಅಂದರೇನು ಎಂದು ಭೂಮಿಕಾಳನ್ನು ಕೇಳಿದೆ. ಅವಳು ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದವಳು, ಮನೆಯಲ್ಲಿ ಹೊಲ, ನಾಲ್ಕು ಹಸು, ಡೈರಿಗೆ ಹಾಲು.

"ನಾಟಿ ಅಂದ್ರೆ ನಾಟಿ ಕಣೆ. ನಮ್ದೇ. ನಾಟಿ ಕೋಳಿ, ನಾಟಿ ಟೊಮೇಟೊ ಅನ್ನಾಕಿಲ್ವಾ, ಅಂಗೆ."

ನಮ್ಮ ಕಡೆ ಅದಕ್ಕೆ ಜವಾರಿ ಎನ್ನುತ್ತೇವೆ. ಜವಾರಿ ಊಟ ಎಂದರೆ ಇನ್ನೇನು? ಪಟ್ಟಿಯ ಮೇಲೆ ಬೆರಳಾಡಿಸಿದೆ. ಸೋಮವಾರ ಮತ್ತು ಗುರುವಾರ ಬೆಳಿಗ್ಗೆಯ ಎದುರಿಗೆ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ರೊಟ್ಟಿ. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಸದ್ದು ಕಿವಿಯಲ್ಲಿ ಕೇಳಿದಂತಾಯಿತು. ಉಳಿದದ್ದನ್ನು ಓದಲೇ ಇಲ್ಲ. ಸಹಿ ಹಾಕಿಬಿಟ್ಟೆ.

ಸೋಮವಾರ ಎಲ್ಲರಿಗಿಂತ ಮೊದಲು ಮೆಸ್ಸಿಗೆ ಹೋದೆ. ತಟ್ಟೆಗೆ ಬಿದ್ದದ್ದು ಬೆಳ್ಳಗಿನ, ಮೆತ್ತಗಿನ, ಈರುಳ್ಳಿ ಸಬ್ಬಸಿಗೆ ಸೊಪ್ಪು ಹಾಕಿ ತಟ್ಟಿದ ದಪ್ಪ ಬಿಲ್ಲೆ.

"ಇದು ರೊಟ್ಟಿ ಅಲ್ಲ," ಎಂದೆ.

"ಇನ್ನೇನು ಮತ್ತೆ, ದೋಸೆಯಾ?" ಎಂದಳು ಭೂಮಿಕಾ. "ಅಕ್ಕಿ ರೊಟ್ಟಿ ಕಣೆ."

ಆಗ ಪಟ್ಟಿಯನ್ನು ಪೂರ್ತಿ ಓದಿದೆ. ಮಧ್ಯಾಹ್ನ ಮುದ್ದೆ, ರಾತ್ರಿ ಮುದ್ದೆ, ಭಾನುವಾರವೂ ಮುದ್ದೆ. ನಾನು ಆ ಮೊದಲ ತುತ್ತು ಅಗಿದದ್ದು ಅಂದೇ ಮಧ್ಯಾಹ್ನ. ವಾರ್ಡನ್ ಮೇಡಂ ಹತ್ತಿರ ಹೋಗಿ ಬದಲಿಸಿಕೊಡಿ ಎಂದೆ. ಅವರು ಕನಿಕರದಿಂದಲೇ ಆಗುವುದಿಲ್ಲ ಎಂದರು.

ಆ ಸಂಜೆ ಅಪ್ಪನ ಫೋನು. "ಏನ್ ಕೊಡ್ತಾರ ಊಟಕ್ಕ?"

"ರೊಟ್ಟಿ ಕೊಡ್ತಾರಪ್ಪಾ."

"ಭಾಳ ಛಲೋ ಆತು ಬಿಡು!" ಎಂದರು. ಸುಳ್ಳು ಹೇಳಿರಲಿಲ್ಲ, ಆದರೂ ಫೋನು ಇಟ್ಟ ಮೇಲೆ ಮುಖ ತೊಳೆದುಕೊಂಡೆ.

ಮುದ್ದೆ ನುಂಗುವುದಕ್ಕಿಂತ ಕಷ್ಟವಾದದ್ದು ಮಾತು. ನಾವು 'ರೀ' ಎನ್ನದೆ ಹಾಲಿನವನನ್ನೂ ಮಾತಾಡಿಸುವವರಲ್ಲ. ಇಲ್ಲಿ ನಾನು 'ಏನ್ರೀ' ಎಂದರೆ, ಇವಳು ಯಾಕೆ ಗಂಡನನ್ನು ಕರೆದ ಹಾಗೆ ಎಲ್ಲರನ್ನೂ ಕರೆಯುತ್ತಾಳೆ ಎಂದು ನಗುತ್ತಿದ್ದರು. ಅವರು ಪ್ರೀತಿಯಿಂದ 'ಲೇ' ಎಂದರೆ ನನಗೆ ಕೆನ್ನೆಗೆ ಹೊಡೆದಂತಾಗುತ್ತಿತ್ತು. ಮೆಸ್ಸಿನ ಅಡುಗೆಯ ಹಿರಿಯಾಕೆ ಸಂತೆಬಾಚಹಳ್ಳಿಯ ಪುಟ್ಟತಾಯಮ್ಮ, ಎಲ್ಲರ ಬಾಯಲ್ಲಿ ತಾಯಮ್ಮಕ್ಕ. ಅವರು ಒಂದು ದಿನ ನನ್ನ ಮುಂದೆ ನಿಂತು, "ಇಟ್ ಬ್ಯಾಡ್ವಾ?" ಎಂದು ಕೇಳಿದರು. ಏನನ್ನು ಎಲ್ಲಿ ಇಡಬೇಕು ಎಂದು ತಿಳಿಯದೆ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ. ಭೂಮಿಕಾ ನಕ್ಕು ನಕ್ಕು ಮೇಜಿಗೆ ಹಣೆ ಹಚ್ಚಿದಳು. ಇಲ್ಲಿ ಮುದ್ದೆಗೆ ಹಿಟ್ಟು ಎನ್ನುತ್ತಾರೆ, ಹಿಟ್ಟಿನ ಹಕಾರ ಬಾಯಲ್ಲಿ ಉಳಿಯದೆ ಅದು ಇಟ್ಟಾಗುತ್ತದೆ. ಗಿರಣಿಯವನ ಮಗಳಿಗೆ ಹಿಟ್ಟು ಅಂದರೆ ಗೊತ್ತಾಗಲಿಲ್ಲ ನೋಡಿ.

"ಬರೀ ಅನ್ನ ತಿಂದ್ರೆ ಮೈಗೆ ಏನ್ ಅತ್ತದವ್ವಾ?" ಎಂದರು ತಾಯಮ್ಮಕ್ಕ. ಬೈಗುಳದಂತೆ ಕೇಳಿದ ಆ ದನಿಯಲ್ಲಿ ಏನೋ ನಮ್ಮವ್ವನದೇ ಇತ್ತು. ನನಗೆ ಅಳು ಬಂತು. ಅವರು ಗಾಬರಿಯಾಗಿ ನನ್ನ ಅನ್ನಕ್ಕೆ ಎರಡು ಸೌಟು ಮೊಸರು ಹೆಚ್ಚು ಸುರಿದು ಹೋದರು.

ಭೂಮಿಕಾ ಪಾಠ ಶುರು ಮಾಡಿದಳು. ನೆಲ್ಲಿಕಾಯಿಯಷ್ಟು ಕಿತ್ತುಕೋ, ಬೆರಳಲ್ಲಿ ಉರುಳಿಸು, ಸಾರಿನಲ್ಲಿ ಮುಳುಗಿಸು, ನಾಲಿಗೆಯ ಹಿಂದಕ್ಕೆ ಇಟ್ಟು ಕಣ್ಣು ಮುಚ್ಚು. ಮೊದಲ ದಿನ ಎರಡು ಇಳಿದವು, ಮೂರನೆಯದಕ್ಕೆ ಕೆಮ್ಮಿ ಅವಳ ಬಿಳಿ ಕೋಟಿನ ಮೇಲೆ ಹುರುಳಿಕಾಳಿನ ಸಾರು ಹಾರಿಸಿದೆ. "ಪರವಾಗಿಲ್ಲ ಬುಡು, ನಮ್ಮನೇಲಿ ಕರುಗೆ ಔಷ್ದಿ ಕುಡ್ಸೋವಾಗ ಇದುಕ್ಕಿಂತ ಜಾಸ್ತಿ ಆರ್ತದೆ," ಎಂದಳು. ಭಾನುವಾರಗಳಂದು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗುತ್ತಿದ್ದಳು. ಕಾವೇರಿಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತು ನಮ್ಮ ಭೀಮಾ ಹೊಳೆಯ ಬೇಸಿಗೆಯ ಮರಳಿನ ಬಗ್ಗೆ ಹೇಳಿದರೆ, ಅವಳಿಗೆ ಹೊಳೆಯಲ್ಲಿ ನಡೆದು ದಾಟುವುದೆಂದರೆ ಕತೆಯಂತೆ ಕೇಳುತ್ತಿತ್ತು.

ದಿನಕ್ಕೆ ಅರ್ಧ ಮುದ್ದೆಯವರೆಗೆ ಬಂದಿದ್ದೆ. ಅಷ್ಟರಲ್ಲಿ ಮುದ್ದೆಯೇ ಕೆಟ್ಟಿತು. ಒಂದು ವಾರ ಎಲ್ಲರ ತಟ್ಟೆಯಲ್ಲೂ ಮುದ್ದೆ ಬಿರುಕು ಬಿಡತೊಡಗಿತು, ನುಂಗಿದ ಮೇಲೆ ಗಂಟಲಲ್ಲಿ ಕಹಿ. ಹುಡುಗಿಯರು ತಟ್ಟೆ ದೂಡಿ ಎದ್ದು ಹೋದರು. ಮೆಸ್ ಕಮಿಟಿಯವರು ಬಂದು ತಾಯಮ್ಮಕ್ಕನಿಗೆ ಎಲ್ಲರ ಮುಂದೆ ಗದರಿದರು, ಕೈ ಕೆಟ್ಟಿದೆಯೇ ಎಂದು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನ ಕಣ್ಣೀರು ಕಂಡು ಮೊಸರು ಸುರಿದ ಕೈ ಅದು. ನನಗೆ ಸುಮ್ಮನಿರಲಾಗಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಮೂಗಿಗೆ ಹಿಡಿದೆ. ಆ ವಾಸನೆ ನನಗೆ ಗೊತ್ತಿತ್ತು.

ಅಡುಗೆಮನೆಗೆ ಹೋಗಿ, "ಅಕ್ಕಾರ, ಹಿಟ್ಟಿನ ಚೀಲ ನೋಡಲೇನ್ರೀ?" ಎಂದೆ.

"ಇಟ್ಟು ತಿನ್ನಾಕೆ ಬರ್ದೋಳು ಇಟ್ಟಿನ ಚೀಲ ನೋಡಿ ಏನ್ ಮಾಡೀಯೆ?" ಎಂದರು ತಾಯಮ್ಮಕ್ಕ. ಆದರೆ ಕೈ ತೋರಿಸಿದರು.

ಅರ್ಧ ಖಾಲಿಯಾದ ಚೀಲದೊಳಗೆ ಹಿಟ್ಟು ಗಡ್ಡೆ ಕಟ್ಟಿತ್ತು. ನಿನ್ನೆ ಸಂಜೆಯಷ್ಟೇ ಬಂದಿದ್ದ ಇನ್ನೊಂದು ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ತೋಳು ಇಳಿಸಿದೆ. ನಡುವೆ ಇನ್ನೂ ಬೆಚ್ಚಗಿತ್ತು.

"ರಾಗಿ ಛಲೋ ಐತ್ರೀ, ನಿಮ್ಮ ಕೈನೂ ಛಲೋ ಐತಿ. ಗಿರಣ್ಯಾಗ ಹಿಟ್ಟ ಬಿಸಿ ಇದ್ದಾಗನ ಚೀಲದ ಬಾಯಿ ಕಟ್ಯಾರ. ಒಳಗ ಬೆವರಿ ಮುಗ್ಗ ಹಿಡದೈತಿ. ಹರವಿ ಆರಿಸಿ ತುಂಬಬೇಕ್ರೀ."

ತಾಯಮ್ಮಕ್ಕ ನನ್ನನ್ನೇ ನೋಡಿದರು. ಆಮೇಲೆ ತಾವೂ ತೋಳು ಇಳಿಸಿದರು. "ಅಯ್ ಶಿವ್ನೇ," ಎಂದರು, "ಮೂರ್ ತಲೆಮಾರಿಂದ ಇಟ್ಟು ತಿರುವೋ ಮನೆಯೋಳು ನಾನು, ಚೀಲಕ್ಕೆ ಕೈ ಆಕ್ನಿಲ್ವಲ್ಲ."

ಹೊಸ ಚೀಲವನ್ನು ಅಂದೇ ಬಿಳಿ ಪಂಚೆಗಳ ಮೇಲೆ ಹರವಿದೆವು. ಹಳೆಯದನ್ನು ಬಿಸಾಡಿದರು. ವಾರ್ಡನ್ ಮೇಡಂ ಗಿರಣಿಗೆ ಹೇಳಿ ಕಳಿಸಿದರು. ಮರುದಿನ ಮಧ್ಯಾಹ್ನ ತಾಯಮ್ಮಕ್ಕ ಊಟಕ್ಕೆ ಮೊದಲೇ ನನ್ನನ್ನು ಒಳಗೆ ಕರೆದು ಮುದ್ದೆ ತಿರುವುವ ಉದ್ದನೆಯ ಕೋಲನ್ನು ಕೈಗೆ ಕೊಟ್ಟರು. ಪಾತ್ರೆಯನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು, ಭುಜದಿಂದ ಶಕ್ತಿ ಹಾಕಿ ತಿರುವಬೇಕು. ನಾಲ್ಕು ಸುತ್ತಿಗೇ ನನ್ನ ತೋಳು ಬಿದ್ದುಹೋಯಿತು. ಫಿಸಿಯೋಥೆರಪಿ ಪುಸ್ತಕದಲ್ಲಿ ಓದುತ್ತಿದ್ದ ಭುಜದ ಸ್ನಾಯುಗಳೆಲ್ಲ ಎಲ್ಲಿವೆ ಎಂದು ಅಂದು ತಿಳಿಯಿತು. ಅಲ್ಲೇ ನೆಲದ ಮೇಲೆ ಕೂರಿಸಿ, ಹಸಿಕೈಯಲ್ಲಿ ಉಂಡೆ ಕಟ್ಟಿ, ಅವರೆಕಾಳಿನ ಸಾರು ಹಾಕಿದರು. ಒಂದಾದ ಮೇಲೆ ಒಂದು ತುತ್ತು ತಾನೇ ಇಳಿಯಿತು. ಮಾತಾಡುತ್ತ ಮಾತಾಡುತ್ತ ತಟ್ಟೆ ನೋಡಿದರೆ ಖಾಲಿ.

ಓಡಿ ಹೋಗಿ ಭೂಮಿಕಾಳಿಗೆ ಹೇಳಿದೆ, "ಪೂರಾ ಒಂದು!" ಅವಳು ಕಾರಿಡಾರಿನಲ್ಲೇ ನನ್ನನ್ನು ಎತ್ತಿ ತಿರುಗಿಸಿದಳು.

ದೀಪಾವಳಿಗೆ ಮುಂಚೆ ಅಪ್ಪ ಬಂದರು. ಒಂದು ಕೈಯಲ್ಲಿ ಖಡಕ್ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಖಾಲಿ ಸೂಟ್‌ಕೇಸು. ಆ ಖಾಲಿ ಸೂಟ್‌ಕೇಸು ನನ್ನ ಬಟ್ಟೆ ತುಂಬಿಕೊಂಡು ಹೋಗಲು ಎಂದು ಕಂಡ ಕೂಡಲೇ ತಿಳಿಯಿತು. ಫೋನಿನಲ್ಲಿ ಒಮ್ಮೆ ಬಾಯಿತಪ್ಪಿ, ಇಲ್ಲಿ ಎರಡು ಹೊತ್ತೂ ಹಿಟ್ಟು ಕೊಡುತ್ತಾರೆ ಎಂದಿದ್ದೆ. "ನನ್ನ ಮಗಳಿಗೆ ಬರೇ ಹಿಟ್ಟ ತಿನ್ನಸಾಕತ್ತಾರ" ಎಂದು ಅಪ್ಪ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲವಂತೆ.

ವಿವರಿಸುವ ಬದಲು ಮೆಸ್ಸಿಗೆ ಕರೆದುಕೊಂಡು ಹೋದೆ. ನಾನು ಉಣ್ಣುವುದನ್ನು ಅವರು ತುತ್ತು ತುತ್ತಿಗೂ ನೋಡಿದರು. ನನ್ನ ಕೆನ್ನೆ ನೋಡಿದರು, ಮಣಿಕಟ್ಟು ನೋಡಿದರು. ಆಮೇಲೆ ತಮ್ಮ ತಟ್ಟೆಯಿಂದ ಒಂದು ತುಂಡು ಕಿತ್ತು ಬಾಯಿಗಿಟ್ಟು ಅಗಿಯಲು ತೊಡಗಿದರು.

"ಅಗೀಬ್ಯಾಡಿ ಯಜಮಾನ್ರೇ!" ಎಂದು ತಾಯಮ್ಮಕ್ಕ ಬಡಿಸುವ ಸೌಟು ಎತ್ತಿಕೊಂಡು ಬಂದರು. "ನುಂಗಬೇಕು, ನುಂಗಬೇಕು! ನಿಮ್ ಮಗ್ಳು ನಮ್ ಮಾನ ಉಳ್ಸವ್ಳೆ, ನೀವಿಂಗೆ ಮಾಡದಾ?"

ಚೀಲದ ಕತೆಯನ್ನು ಆಕೆಯೇ ಹೇಳಿದರು. ಅಪ್ಪ ಬಾಯಿಗಂಟಿದ ಮುದ್ದೆಯ ನಡುವೆಯೇ ನಗಲು ಹೋಗಿ ಕಣ್ಣಲ್ಲಿ ನೀರು ತಂದುಕೊಂಡರು. ಊಟದ ನಂತರ ಇಬ್ಬರೂ ಅಡುಗೆಮನೆಯಲ್ಲಿ ಹಿಟ್ಟನ್ನು ಬೆರಳ ನಡುವೆ ಉಜ್ಜುತ್ತ, ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತ, ಅರ್ಧ ಗಂಟೆ ನಿಂತಿದ್ದರು. ಹೊರಡುವಾಗ ಸೂಟ್‌ಕೇಸನ್ನು ನನ್ನ ಮಂಚದ ಕೆಳಗೆ ದೂಡಿ, "ಇರ್ಲಿ, ಬಟ್ಟಿ ಇಡಾಕ ಬರ್ತದ" ಎಂದರು.

ಸೆಮಿಸ್ಟರ್ ರಜೆಗೆ ಊರಿಗೆ ಬಂದಿದ್ದೇನೆ. ಮೊದಲ ದಿನ ಐದು ರೊಟ್ಟಿ ತಿಂದೆ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ತಂಗಿಗೆ ಏನೋ ಹೇಳುವಾಗ "ಬುಡು" ಎಂದೆ, ಮನೆಯೆಲ್ಲ ನಕ್ಕಿತು. ಮೂರನೆಯ ದಿನ ಮಧ್ಯಾಹ್ನ ಹೊಟ್ಟೆ ತುಂಬಿದ್ದರೂ ಏನೋ ಕಡಿಮೆಯಾದಂತೆ ಎದ್ದು ಎದ್ದು ಅಡುಗೆಮನೆಗೆ ಹೋದೆ. "ಏನ್ ಹುಡಕಾಕತ್ತೀ?" ಎಂದು ಅವ್ವ ಕೇಳಿದರೆ ಹೇಳಲು ನಾಚಿಕೆಯಾಯಿತು.

ಅಪ್ಪನಿಗೆ ಹೇಳದೆಯೇ ತಿಳಿಯಿತು. ಪೇಟೆಯಿಂದ ಎರಡು ಕಿಲೋ ರಾಗಿ ತಂದು, ಗಿರಣಿಯ ಕಲ್ಲು ಒರೆಸಿ, ಸಣ್ಣಗೆ ಬೀಸಿ, ಹರವಿ ಆರಿಸಿದರು. ನಮ್ಮೂರಲ್ಲಿ ರಾಗಿ ಎಂದರೆ ಹಾಲು ಬಿಟ್ಟ ಕೂಸುಗಳಿಗೆ ಗಂಜಿ ಕಾಸುವುದು. ಅಜ್ಜಿ ಅದನ್ನು ಕಂಡು, ಇಷ್ಟು ದೊಡ್ಡ ಕೂಸು ಯಾರ ಮನೆಯದು ಎಂದರು. ಜೋಳದ ಗಂಜಿ ತಿರುವುವ ಕೋಲಿನಿಂದ ನಾನೇ ತಿರುವಿದೆ, ಕಾಳಿನ ಸಾರು ಮಾಡಿದೆ. ತಂಗಿ ಒಂದು ತುತ್ತು ಅಗಿದು ಓಡಿಹೋದಳು. ಅಪ್ಪ ಮರ್ಯಾದೆಗೆ ಎರಡು ನುಂಗಿ ರೊಟ್ಟಿಯ ಬುಟ್ಟಿಗೆ ಕೈ ಚಾಚಿದರು.

ಉಳಿದದ್ದನ್ನು ನಾನೊಬ್ಬಳೇ ಉಂಡೆ. ಅಲ್ಲಿ ಇದೇ ಊಟವನ್ನು ನೂರು ಜನರ ಗದ್ದಲದಲ್ಲಿ, ಭೂಮಿಕಾಳ ಮೊಣಕೈ ತಾಗಿಸಿಕೊಂಡು ಉಣ್ಣುವಾಗ ಅವ್ವನ ಒಲೆ ನೆನಪಾಗುತ್ತಿತ್ತು. ಈಗ ಅವ್ವನ ಒಲೆಯಿಂದ ಮೂರು ಮಾರು ದೂರದಲ್ಲಿದ್ದೆ. ಹಾಸ್ಟೆಲಿನಲ್ಲಿ ಈ ಹೊತ್ತಿಗೆ ತಾಯಮ್ಮಕ್ಕ ಹಸಿಕೈಯಲ್ಲಿ ಯಾರಿಗೆ ಉಂಡೆ ಕಟ್ಟುತ್ತಿರಬಹುದು ಎಂದುಕೊಂಡು ಕೊನೆಯ ತುತ್ತನ್ನು ಸಾರಿನಲ್ಲಿ ಮುಳುಗಿಸಿದೆ. ಒಳಗೆ ಅವ್ವ ಮುಂದಿನ ರೊಟ್ಟಿ ಬಡಿಯತೊಡಗಿದಳು, "ದಾನೀ, ಬಿಸೀದು ಬಂತು ನೋಡ, ತಟ್ಟಿ ತಾ" ಎಂದು ಕೂಗಿದಳು. ಬಾಯಿ ತುಂಬಿತ್ತು. ಅದನ್ನು ನುಂಗಿ, ತಟ್ಟೆ ಹಿಡಿದು ಎದ್ದೆ.