ಆಸಾಡಿಯಲ್ಲಿ ಆಡದ ಮಾತು

ಊರು ತೋರಿಸಲು ಆಸಾಡಿ ತಿಂಗಳಿಗಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಕುಂದಾಪುರಕ್ಕೆ ಬರುವುದಿದ್ದರೆ ದೀಪಾವಳಿ ಕಳೆದ ಮೇಲೆ ಬಾ, ಸಮುದ್ರ ನೀಲಿಯಾಗಿರುತ್ತದೆ, ಒಗೆದ ಬಟ್ಟೆ ಒಣಗುತ್ತದೆ, ಮನುಷ್ಯರ ಮುಖವೂ ಸ್ವಲ್ಪ ನಗುತ್ತದೆ ಎಂದು ಗೆಳತಿಗೆ ವರ್ಷ ವರ್ಷವೂ ಹೇಳುತ್ತಿದ್ದೆ. ಅವಳು ಒಂದು ವರ್ಷವೂ ಬರಲಿಲ್ಲ. ಕಳೆದ ವರ್ಷ, ನಾಗರಪಂಚಮಿ ಮುಗಿದು ವಾರವಾಗಿರಬೇಕು, ಮೂರು ದಿನದಿಂದ ಎಡೆಬಿಡದೆ ಹೊಯ್ಯುತ್ತಿದ್ದ ಮಳೆಯ ನಡುವೆ ಫೋನ್ ಬಂತು. ‘ನಾಳೆ ಸಂಜೀಕ ಬರ್ತೀನಿ. ಒಂದ ದಿನ ಇದ್ದು ಹೊಂಡ್ತೀನಿ.’

ಅವಳು ರಾಣೆಬೆನ್ನೂರಿನವಳು. ಹುಬ್ಬಳ್ಳಿಯಲ್ಲಿ ನಾವಿಬ್ಬರೂ ನರ್ಸಿಂಗ್ ಕಲಿಯುವಾಗ ಹಾಸ್ಟೆಲಿನ ಒಂದೇ ಕೋಣೆ ನಮ್ಮದು. ಇಬ್ಬರಿಗೂ ಮದುವೆಯಾಗಲಿಲ್ಲ. ಅವಳು ತಾಯಿಯನ್ನು ನೋಡಿಕೊಂಡು ರಾಣೆಬೆನ್ನೂರಿನಲ್ಲೇ ಉಳಿದಳು, ನಾನು ಕೋಟದ ನಮ್ಮ ಮನೆ ಬಿಟ್ಟು ಕುಂದಾಪುರದ ಒಂದು ಸಣ್ಣ ಆಸ್ಪತ್ರೆ ಸೇರಿದೆ. ಮುದುಕಿಯರಾದ ಮೇಲೆ ಒಂದೇ ಮನೆಯಲ್ಲಿ ಇರೋಣ, ನನ್ನ ಬಿ.ಪಿ. ನೀನು ನೋಡು, ನಿನ್ನ ಬಿ.ಪಿ. ನಾನು ನೋಡುತ್ತೇನೆ ಎಂದು ಹಾಸ್ಟೆಲಿನಲ್ಲಿ ನಗುತ್ತಿದ್ದೆವು. ಕಳೆದ ವರ್ಷ ಯುಗಾದಿಯ ಹೊತ್ತಿಗೆ ಅವಳ ತಾಯಿ ತೀರಿಕೊಂಡರು. ಅಂದಿನಿಂದ ಆ ತಮಾಷೆ ನನಗೆ ತಮಾಷೆಯಾಗಿ ಉಳಿದಿರಲಿಲ್ಲ.

ಬಿಡಿಸಿಯೇ ಹೇಳುತ್ತೇನೆ. ನನಗೆ ಒಬ್ಬಳೇ ಇದ್ದು ಸಾಕಾಗಿತ್ತು. ಡ್ಯೂಟಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಾಯಿಗೆ ಬಿಡುವಿಲ್ಲ, ಮನೆಗೆ ಬಂದು ಕೊಡೆ ಮಡಚಿದರೆ ಮಾತೂ ಮಡಚಿಕೊಳ್ಳುತ್ತದೆ. ಒಂದು ಮುಷ್ಟಿ ಅಕ್ಕಿ ಬೇಯಿಸಿಕೊಂಡು, ಟಿ.ವಿ.ಯವರು ಜಗಳವಾಡುವುದನ್ನು ಕೇಳುತ್ತಾ ಉಣ್ಣುತ್ತೇನೆ. ಕುಕ್ಕರಿನ ಹತ್ತಿರ ‘ಆಯ್ತಾ, ಇನ್ನೊಂದು ಕೂಗು’ ಎಂದು ಹೇಳುತ್ತಿರುವುದನ್ನು ಒಂದು ದಿನ ನಾನೇ ಕೇಳಿಸಿಕೊಂಡೆ. ಆ ದಿನವೇ ನಿಶ್ಚಯ ಮಾಡಿದ್ದು, ಗೆಳತಿಯನ್ನು ಇಲ್ಲೇ ಇರಲು ಕರೆಯಬೇಕು ಎಂದು.

ನಾನಿರುವುದು ಬಾಡಿಗೆ ಮನೆಯ ಮಾಳಿಗೆಯಲ್ಲಿ. ಕೆಳಗೆ ಮನೆಯ ಯಜಮಾನಿ, ಎಪ್ಪತ್ತು ದಾಟಿದ ಅಮ್ಮ. ನನ್ನ ಕೋಣೆಗೆ ತಾಗಿ ಇನ್ನೊಂದು ಕೋಣೆ ಇದೆ, ಹಳೆ ಸಾಮಾನು ತುಂಬಿ ಬೀಗ ಹಾಕಿದ್ದರು. ಗೆಳತಿಯನ್ನು ಕರೆಸಿಕೊಳ್ಳಬೇಕು, ಅದನ್ನೂ ನನಗೇ ಕೊಡಿ ಎಂದು ಕೇಳಿದೆ.

‘ಕೊಡ್ತೆ ಮರಾಯ್ತಿ, ಯಾರ್ ಬ್ಯಾಡ ಅಂದದ್? ಆಸಾಡಿ ಕಳೀಲಿ’ ಎಂದರು. ‘ಆಸಾಡಿಯಗೆ ಮುಚ್ಚಿದ್ ಕೋಣಿ ಕದ ತೆಗುಕಾಗ. ಒಳ್ಳೆ ಸುದ್ದಿ ಎತ್ತುಕೂ ಆಗ. ಸೋಣಿ ಸಂಕ್ರಾಂತಿ ದಿನ ಕೀ ಕೊಡ್ತೆ, ನಿನ್ ಕೈಯಗೇ ಕೊಡ್ತೆ.’

ನಮ್ಮ ಕಡೆ ತಿಂಗಳು ನಡೆಯುವುದು ಸಂಕ್ರಾಂತಿಯಿಂದ ಸಂಕ್ರಾಂತಿಗೆ. ಜುಲೈ ನಡುವಿನಲ್ಲಿ ಹುಟ್ಟುವ ಆಸಾಡಿ ಎಂದರೆ ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಮುಚ್ಚಿದ ಕದ ತೆಗೆಯುವಂತಿಲ್ಲ, ಹೊಸ ಮಾತಿಲ್ಲ. ಆಗಸ್ಟ್ ನಡುವಿನಲ್ಲಿ ಸೋಣೆ ತಿಂಗಳು ಹುಟ್ಟಿತೆಂದರೆ ಹೆಂಗಸರು ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು ಪೂಜೆ ಮಾಡುತ್ತಾರೆ, ನಿಂತ ಕೆಲಸಗಳೆಲ್ಲ ಮತ್ತೆ ಹೊರಡುತ್ತವೆ. ಇದನ್ನೆಲ್ಲ ನಾನು ನಂಬುವವಳಲ್ಲ. ರಾಹುಕಾಲದಲ್ಲೇ ಸೂಜಿ ಚುಚ್ಚುವವಳು, ಅಮಾವಾಸ್ಯೆ ದಿನ ಹೊಲಿಗೆ ಬಿಚ್ಚುವುದು ಬೇಡ ಎನ್ನುವ ರೋಗಿಗಳಿಗೆ ಬೈದು ಬಿಚ್ಚಿಸುವವಳು. ಆದರೆ ನನ್ನ ಹೊಟ್ಟೆಯಲ್ಲಿ ಒಂದು ಹಳೆಯ ಅಳುಕು ಇತ್ತು. ಪ್ರಾಯದಲ್ಲಿ ನನಗೊಂದು ಸಂಬಂಧ ಬಂದಿತ್ತು. ಹುಡುಗ ನನಗೂ ಮೆಚ್ಚಿಗೆಯಾಗಿದ್ದ. ಮಾತು ಎದ್ದದ್ದು ಆಸಾಡಿಯಲ್ಲಿ, ಬಿದ್ದದ್ದೂ ಆಸಾಡಿಯಲ್ಲಿ. ‘ನಾ ಆಗ್ಳೇ ಹೇಳಿದ್ನಲೆ’ ಎಂದು ನನ್ನ ಹೆತ್ತಮ್ಮ ಸಾಯುವವರೆಗೂ ಅನ್ನುತ್ತಿದ್ದಳು. ಬೇಡದ ವಿಷಯಕ್ಕೆ ನನಗೆ ಯಾವ ಶಾಸ್ತ್ರವೂ ಇಲ್ಲ. ತುಂಬಾ ಬೇಕಾದದ್ದಕ್ಕೆ ಮಾತ್ರ ಅಮ್ಮನ ಧ್ವನಿ ಕಿವಿಯಲ್ಲಿ ಕೂತುಬಿಡುತ್ತದೆ.

ಗೆಳತಿ ಬಂದಾಗ ಆಸಾಡಿಗೆ ಇನ್ನೂ ಹತ್ತು ದಿನದ ಆಯುಷ್ಯ ಇತ್ತು. ಹತ್ತು ದಿನ ತಾನೇ, ಈಗ ಊರು ತೋರಿಸಿ ಕಳಿಸುವುದು, ಸಂಕ್ರಾಂತಿ ದಿನ ಕೀ ಕೈಗೆ ಬಂದ ಮೇಲೆ ಫೋನ್ ಮಾಡಿ ಕರೆಯುವುದು ಎಂದು ಲೆಕ್ಕ ಹಾಕಿದೆ.

ಬಸ್ಸಿನಿಂದ ಇಳಿದವಳ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ. ಪಂಚಮಿಯ ಉಂಡೆಗಳು, ಶೇಂಗಾದ್ದು ಬೇರೆ, ಎಳ್ಳಿನದು ಬೇರೆ. ‘ಹಬ್ಬ ಮಾಡ್ಕೊಂಡ ಬಂದೆ. ಅವ್ವ ಇಲ್ಲದ ಮೊದಲ ಪಂಚಮಿ. ಮಾಡೂದು ಬ್ಯಾಡ ಅಂದ್ರೂ ಕೈ ಕೇಳಲಿಲ್ಲ’ ಎಂದಳು. ನಾನು ಒಂದರ ಮೇಲೊಂದು ತಿಂದೆ. ಹಾಸ್ಟೆಲಿನಲ್ಲಿಯೂ ಹೀಗೇ ತಿನ್ನುತ್ತಿದ್ದೆ. ಆ ರಾತ್ರಿ ನನ್ನ ಮಂಚ ಅವಳಿಗೆ ಬಿಟ್ಟು ನಾನು ಕೆಳಗೆ ಚಾಪೆ ಹಾಸಿದೆ. ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲ, ಸಾಮಾನು ಇದೆ ಎಂದೆ. ಅಷ್ಟು ಹೇಳಿ ಬಾಯಿ ಮುಚ್ಚಿಕೊಳ್ಳಲು ನನಗೆ ಬಹಳ ಕಷ್ಟವಾಯಿತು.

ಬೆಳಿಗ್ಗೆ ರಿಕ್ಷಾ ಮಾಡಿಕೊಂಡು ಮೊದಲು ಕೋಡಿಯ ಕಡಲ ದಡಕ್ಕೆ ಹೋದೆವು. ಸಮುದ್ರಕ್ಕೆ ಮಣ್ಣಿನ ಬಣ್ಣ. ದೋಣಿಗಳನ್ನೆಲ್ಲ ದಡಕ್ಕೆ ಎಳೆದು ಟಾರ್ಪಾಲು ಹೊದಿಸಿದ್ದರು. ದಡದಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಒಂದು ನಾಯಿ, ಅದೂ ದೋಣಿಯ ಅಡಿಯಲ್ಲಿ. ಗಾಳಿಗೆ ಅವಳ ಕೊಡೆ ಮೇಲ್ಮುಖವಾಯಿತು. ಅದನ್ನು ಸರಿಮಾಡಲು ಹೋಗಿ ಇಬ್ಬರೂ ಒದ್ದೆಯಾದೆವು.

‘ಏನ ಮಳೀನ ನಿಮ್ಮೂರಾಗ! ಇದು ನಿಂದರೂದ ಇಲ್ಲೇನು?’

‘ನಿಂತರೆ ನಮಗೆ ಹೆದರಿಕೆ ಆತ್ತ್’ ಎಂದೆ. ಅವಳು ನಕ್ಕಳು. ಅವಳ ನಗು ಹಾಸ್ಟೆಲಿನದ್ದೇ, ಒಂದಿಷ್ಟೂ ವಯಸ್ಸಾಗಿರಲಿಲ್ಲ.

ಮತ್ತೆ ಸ್ವಲ್ಪ ಹೊತ್ತು ತೆರೆಗಳನ್ನು ನೋಡುತ್ತಾ ನಿಂತವಳು, ಮುಖ ತಿರುಗಿಸದೆ ಕೇಳಿದಳು. ‘ಒಬ್ಬಾಕೀನ ಇರಾಕ ಬ್ಯಾಸರಾಗಂಗಿಲ್ಲೇನ ನಿನಗ?’

ನಾಲಿಗೆಯ ತುದಿಗೆ ಬಂದಿತ್ತು. ಬೇಸರವೇ, ಬಂದುಬಿಡು ಮರಾಯ್ತಿ ಎನ್ನಬೇಕಿತ್ತು. ಅಮ್ಮನ ಧ್ವನಿ ಅಡ್ಡ ಬಂತು. ‘ಬೇಜಾರ್ ಎಂತಕ್ಕೆ?’ ಎಂದೆ. ‘ಇಡೀ ಊರೇ ನಂಗೆ ಗುರ್ತ. ಬೇಜಾರಾಪುಕೆ ಪುರ್ಸೊತ್ತ್ ಎಲ್ಲಿತ್ತ್?’ ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಹೇಳುವ ಸುಳ್ಳು ಯಾವಾಗಲೂ ಸ್ವಲ್ಪ ಜೋರಾಗಿರುತ್ತದೆ.

ಅವಳು ‘ಹೌದ ಬಿಡು’ ಎಂದಳು.

ಅವಳು ಊರಿಗೆ ವಾಪಸು ಹೋಗುವುದು ಹುಬ್ಬಳ್ಳಿಯ ಮೇಲೆ, ಹುಬ್ಬಳ್ಳಿ ಬಸ್ಸು ಸಂಜೆ ಬೈಂದೂರಿನ ಮೇಲೆಯೇ ಹಾದು ಹೋಗುತ್ತದೆ. ಆದ್ದರಿಂದ ದಾರಿಯುದ್ದಕ್ಕೂ ಊರು ತೋರಿಸುತ್ತಾ ಬೈಂದೂರಿನವರೆಗೆ ಹೋಗಿ ಅಲ್ಲಿ ಬಸ್ಸು ಹತ್ತಿಸುವುದೆಂದು ಮೊದಲೇ ಯೋಚಿಸಿದ್ದೆ. ಮನೆಗೆ ಹೋಗಿ ಉಂಡು, ಅವಳ ಚೀಲ ಹಿಡಿದುಕೊಂಡು ಲೋಕಲ್ ಬಸ್ಸಿನಲ್ಲಿ ಮರವಂತೆಗೆ ಬಂದೆವು. ಈಚೆ ಸಮುದ್ರ, ಆಚೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ, ಇಂಥದ್ದು ನೀನು ಎಲ್ಲೂ ನೋಡಿರಲಿಕ್ಕಿಲ್ಲ ಎಂದು ಬಸ್ಸಿನಲ್ಲಿ ಬರುವಾಗಲೇ ಬಡಾಯಿ ಕೊಚ್ಚಿದ್ದೆ. ಇಳಿದು ನೋಡಿದರೆ ಈಚೆಗೂ ಬಿಳಿ, ಆಚೆಗೂ ಬಿಳಿ. ಮಳೆ ಎರಡನ್ನೂ ನುಂಗಿ ರಸ್ತೆಯನ್ನಷ್ಟೇ ಉಳಿಸಿತ್ತು. ಸಮುದ್ರ ಕಲ್ಲಿಗೆ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು.

‘ಎಲ್ಲಾ ಐತಿ ಅಂತಿ, ಏನೂ ಕಾಣಂಗಿಲ್ಲ’ ಎಂದಳು ಗೆಳತಿ.

‘ಇತ್ತ್ ಮರಾಯ್ತಿ, ನನ್ ಮೇಲೆ ಆಣೆ.’

ರಸ್ತೆ ಬದಿಯ ಹೋಟೆಲಿಗೆ ಓಡಿದೆವು. ಹೋಟೆಲಿನವರು ನಮ್ಮ ಅವತಾರ ನೋಡಿ, ‘ಹ್ವಾಯ್, ಈ ಮಳಿಯಗೆ ಎಲ್ಲಿಗ್ ಹೊರ್ಟದ್ ಮರಾಯ್ರೆ? ಬನಿ, ಕೂಕಣಿ’ ಎಂದು ಫ್ಯಾನ್ ನಿಲ್ಲಿಸಿದರು. ಗೋಳಿಬಜೆ, ಚಾ ತರಿಸಿದೆ. ಅವಳು ಗೋಳಿಬಜೆಯನ್ನು ಮುರಿದು ಹಬೆ ಹೋಗುವುದನ್ನು ನೋಡುತ್ತಾ ಕೂತಳು, ತಿನ್ನಲಿಲ್ಲ.

‘ಅಣ್ಣನ ಮಗಳು ಹುಬ್ಬಳ್ಳಿಗೆ ಬಂದ ಇರು ಅಂತಾಳ’ ಎಂದಳು. ‘ಬಸುರಿ ಅದಾಳ. ಮನ್ಯಾಗ ಹಿರೇರು ಯಾರೂ ಇಲ್ಲ. ನಾ ಇನ್ನೂ ಏನೂ ಹೇಳಿಲ್ಲ.’

ಬಾಯಿಗೆ ಒಯ್ದ ಗೋಳಿಬಜೆಯನ್ನು ಪ್ಲೇಟಿಗೆ ಇಳಿಸಿದೆ.

‘ನೀ ಏನಂತಿ?’

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟ ಈಗಲೂ ನನಗೆ ಎದುರು ಬರುತ್ತದೆ. ನಾನು ಚಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಂಕ್ರಾಂತಿಗೆ ಎಷ್ಟು ದಿನ ಉಳಿಯಿತು ಎಂದು ಎಣಿಸುತ್ತಿದ್ದೆ. ಈಗ ಬಾಯಿ ಬಿಟ್ಟು ಇದೂ ಮುರಿದುಹೋದರೆ? ಹತ್ತು ದಿನ ತಡೆದರೆ ಸಾಕು. ಅವಳು ಇನ್ನೂ ಏನೂ ಹೇಳಿಲ್ಲವಲ್ಲ.

‘ನಿಧಾನಕ್ಕೆ ಹೇಳು’ ಎಂದೆ. ‘ಈಗ್ಳೇ ಎಂತ ಅವಸರ?’

ದೊಡ್ಡ ಜಾಣತನ ಮಾಡಿದೆ ಅನ್ನಿಸಿತು ಆಗ. ಹತ್ತು ದಿನ ಸಂಪಾದಿಸಿಬಿಟ್ಟೆ ಎಂದು ಒಳಗೊಳಗೇ ಹಿಗ್ಗಿ ಇನ್ನೊಂದು ಪ್ಲೇಟ್ ಗೋಳಿಬಜೆ ಹೇಳಿದೆ. ಅವಳು ಬೇಡವೆಂದಳು. ಅದನ್ನೂ ನಾನೇ ತಿಂದೆ.

ಮರವಂತೆಯಿಂದ ಬೈಂದೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಕಿರಿಮಂಜೇಶ್ವರ ಬಂತು, ಹೋಯಿತು. ತೋರಿಸಲು ಏನೂ ಇರಲಿಲ್ಲ, ಗಾಜಿನ ಮೇಲೆ ಇಳಿಯುವ ನೀರು ಮಾತ್ರ. ಗೆಳತಿ ನನ್ನ ಭುಜಕ್ಕೆ ತಲೆ ಇಟ್ಟು ಕಣ್ಣು ಮುಚ್ಚಿಕೊಂಡಳು. ನನ್ನ ಭುಜದ ಮೇಲೆ ಇನ್ನೊಬ್ಬರ ತಲೆಯ ಭಾರ ಬಿದ್ದು ಎಷ್ಟು ಕಾಲವಾಗಿತ್ತೋ. ಅಲುಗಾಡಿದರೆ ಎಚ್ಚರವಾದೀತೆಂದು ಕೈ ಜೋಮು ಹಿಡಿದರೂ ಹಾಗೇ ಕೂತಿದ್ದೆ. ಆಚೆ ಕೋಣೆಗೆ ಯಾವ ಬಣ್ಣದ ಪರದೆ ಹಾಕಿಸುವುದು, ಅವಳಿಗೆ ರೊಟ್ಟಿ ತಟ್ಟಲು ಜೋಳದ ಹಿಟ್ಟು ಕುಂದಾಪುರದಲ್ಲಿ ಎಲ್ಲಿ ಸಿಗುತ್ತದೆ ಎಂದು ಯೋಚಿಸುತ್ತಿದ್ದೆ. ನಾನು ಅಷ್ಟು ಸಂತೋಷವಾಗಿ ಯಾವ ಬಸ್ಸಿನಲ್ಲೂ ಕೂತದ್ದಿಲ್ಲ. ಅವಳು ನಿದ್ದೆ ಮಾಡುತ್ತಿರಲಿಲ್ಲ ಎಂಬುದು ನನಗೆ ಗೊತ್ತಾಗಲಿಲ್ಲ.

ಬೈಂದೂರಿನಲ್ಲಿ ಯಡ್ತರೆಯ ಕಡೆಯ ನಾಲ್ಕು ಹೆಂಗಸರು ಸೆರಗು ತಲೆಗೆ ಹೊದ್ದು ಲೋಕಲ್ ಬಸ್ಸಿಗೆ ಕಾಯುತ್ತಿದ್ದರು. ಅವರ ಪಕ್ಕದಲ್ಲಿ ನಾವೂ ನಿಂತೆವು. ಹುಬ್ಬಳ್ಳಿ ಬಸ್ಸು ಬಂತು. ಅವಳು ಮೆಟ್ಟಿಲಿಗೆ ಒಂದು ಕಾಲಿಟ್ಟು ತಿರುಗಿ ನೋಡಿದಳು.

‘ಮತ್ತೇನರ ಹೇಳೂದೈತೇನು?’

‘ಮುಟ್ಟಿದ ಕೂಡಲೆ ಫೋನ್ ಮಾಡು’ ಎಂದೆ.

ಕಂಡಕ್ಟರ್ ಸೀಟಿ ಊದಿದ. ಅವಳ ಉಂಡೆಯ ಡಬ್ಬಿ ನನ್ನ ಮನೆಯಲ್ಲೇ ಉಳಿದಿತ್ತು. ಇರಲಿ, ಹೇಗೂ ಇಲ್ಲಿಗೇ ಬರುವವಳಲ್ಲವೇ ಎಂದುಕೊಂಡು ಕುಂದಾಪುರದ ಬಸ್ಸು ಹತ್ತಿದೆ.

ಸೋಣೆ ಸಂಕ್ರಾಂತಿಯ ದಿನ ಯಜಮಾನಿ ಅಮ್ಮ ಹೇಳಿದ ಹಾಗೆ ಕೀ ಕೊಟ್ಟರು. ‘ಹೊಸ್ತಿಲ್ ಪೂಜಿ ಸುರು ಮಾಡ್, ಇವತ್ತಿಂದ ಒಂದ್ ದಿನವೂ ತಪ್ಸುಕಾಗ’ ಎಂದರು. ರಜೆ ಹಾಕಿದ್ದೆ. ಸಾಮಾನನ್ನೆಲ್ಲ ಕೆಳಗೆ ಸಾಗಿಸಿ, ಕೋಣೆ ಗುಡಿಸಿ, ಎರಡೂ ಕೋಣೆಯ ಹೊಸ್ತಿಲು ತೊಳೆದು, ಬಿಳಿ ಜೇಡಿಮಣ್ಣಿನಲ್ಲಿ ಗೆರೆ ಎಳೆದು, ಗರಿಕೆ, ಹೂವು ಇಟ್ಟೆ. ಆಮೇಲೆ ಕೈ ಒರೆಸಿಕೊಂಡು ಫೋನ್ ಮಾಡಿದೆ. ಹತ್ತು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿದೆ. ಬಂದುಬಿಡು, ಕೋಣೆ ತಯಾರಿದೆ, ನನಗೆ ಒಬ್ಬಳೇ ಇರಲು ಆಗುವುದಿಲ್ಲ ಎಂದೆ.

ಫೋನ್ ಕಟ್ಟಾಯಿತೇನೋ ಎಂದು ‘ಹಲೋ’ ಎಂದೆ.

‘ಅವತ್ತ ಯಾಕ ಅನ್ನಲಿಲ್ಲ?’

‘ಆಸಾಡಿ ಅಲ್ದಾ ಆಗ.’

‘ಎಲ್ಲೀ ಆಷಾಢ? ನಮ್ಮ ಕಡೆ ಅದು ಅಮಾಸೀಗೇ ಮುಗೀತವಾ. ಆಷಾಢದಾಗ ಇಂಥಾ ಮಾತು ಬ್ಯಾಡಂತ ನಾನೂ ಕಾದೆ. ಶ್ರಾವಣ ಬಂದ ಮ್ಯಾಲೆ, ಪಂಚಮಿ ಮುಗಿಸಿ, ಉಂಡಿ ಕಟಗೊಂಡ ಬಂದೆ. ನೀ ಕರೀತಿ ಅಂತ ಬಂದಿದ್ದೆ.’

ಅವಳು ಅಳುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ಆ ಕಡೆ ಪಾತ್ರೆಯ ಸದ್ದು, ಯಾರೋ ಅವಳನ್ನು ಕರೆಯುವ ಸದ್ದು.

‘ನಾನ ಬಾಯಿಬಿಟ್ಟ ಕೇಳಾಕ ನಾಚಿಕಿ ಆತು. ಸಮುದ್ರದ ಕಡೆ ಕೇಳಿದೆ, ಬ್ಯಾಸರ ಇಲ್ಲ ಅಂದಿ. ಹೋಟೆಲ್ದಾಗ ಕೇಳಿದೆ, ಏನ ಅವಸರ ಅಂದಿ. ಬಸ್ ಹತ್ತೂತನಕ ನೋಡಿದೆ. ಮರುದಿನಾನ ಇವರಿಗೆ ಹೂಂ ಅಂದೆ. ಮನಿ ಬಿಟ್ಟ ಹುಬ್ಬಳ್ಳಿಗೆ ಬಂದೀನೀಗ. ಹುಡುಗಿ ನನ್ನ ಕೈ ಹಿಡದಾಳ, ಹೆಂಗ ಬಿಡಿಸಿಕೊಂಡ ಬರ್ಲಿ ಹೇಳು.’

ಘಟ್ಟದ ಮೇಲಿನವರದು ಚಂದ್ರನ ತಿಂಗಳು, ನಮ್ಮದು ಸೂರ್ಯನದು ಎಂಬುದು ನನಗೆ ಗೊತ್ತಿಲ್ಲದ್ದೇ? ಹಾಸ್ಟೆಲಿನಲ್ಲಿ ನಮಗೆ ಆಸಾಡಿ ಇರುವಾಗಲೇ ಅವರ ಶ್ರಾವಣದ ಉಂಡೆ ತಿಂದವಳು ನಾನು. ಇಲ್ಲಿಯೂ ತಿಂದೆ, ಎಳ್ಳು ಚೆನ್ನಾಗಿ ಹುರಿದಿದ್ದೀ ಎಂದು ಹೊಗಳಿದೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಒಳ್ಳೆಯ ಕಾಲಕ್ಕೆ ಕಾದು ಬಂದವಳನ್ನು ಕೆಟ್ಟ ಕಾಲವೆಂದು ವಾಪಸು ಕಳಿಸಿದೆ.

ಅವಳು ಈಗ ಭಾನುವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಮಗುವಿನ ಹಲ್ಲು, ಮಗುವಿನ ಜ್ವರ. ಯಾವ ಔಷಧ ಎಷ್ಟು ಎಂದು ನಾವಿಬ್ಬರೂ ನರ್ಸುಗಳ ಹಾಗೆ ಮಾತಾಡುತ್ತೇವೆ. ಆ ದಿನದ ಮಾತನ್ನು ಇಬ್ಬರೂ ಎತ್ತಿಲ್ಲ.

ಅವತ್ತು ಫೋನಿಟ್ಟು ಹೊರಗೆ ಬಂದಾಗ ಯಜಮಾನಿ ಅಮ್ಮ ಮೆಟ್ಟಿಲು ಹತ್ತಿ ಬಂದಿದ್ದರು. ಗುಡಿಸಿದ ಕೋಣೆಯನ್ನು ನೋಡಿ, ‘ಲಾಯ್ಕ್ ಆಯ್ತ್. ಯಾವತ್ತ್ ಬತ್ರ್ ನಿನ್ ದೋಸ್ತಿ?’ ಎಂದು ಕೇಳಿದರು. ಬರುವುದಿಲ್ಲ ಎಂದೆ. ಹಾಗಾದರೆ ಕೋಣೆ ಬೇಡವೇ ಎಂದರು. ಅವರು ಬೀಗಕ್ಕೆ ಕೈ ಹಾಕುತ್ತಿದ್ದ ಹಾಗೆ, ‘ಪೂಜಿ ಸುರು ಮಾಡಿಯಾಯ್ತಲೆ ಅಮ್ಮ, ನಡುವೆ ಬಿಡುಕಾಗ’ ಎಂದೆ. ಆ ಸೋಣೆಯಿಡೀ ಡ್ಯೂಟಿಗೆ ಹೋಗುವ ಮೊದಲು ದಿನಾ ಬೆಳಿಗ್ಗೆ ನನ್ನ ಹೊಸ್ತಿಲಿಗೆ ಹೂವಿಟ್ಟು, ಆಚೆ ಕೋಣೆಯ ಹೊಸ್ತಿಲಿಗೂ ಇಟ್ಟೆ.