ನಡುವಿನ ಖಾಲಿ ಜಾಗ

ಈಸ್ಟರ್ ಎಂದರೆ ನನಗೆ ದೇವರಿಗಿಂತ ಮೊದಲು ನೆನಪಾಗುವುದು ಉಪ್ಪಿಟ್ಟು. ನಮ್ಮ ಚರ್ಚಿನ ಪಾದ್ರಿ ಅಯ್ಯನವರ ಮುಂದೆ ಇದನ್ನು ಹೇಳಲಾರೆ, ನಿಮ್ಮ ಮುಂದೆ ಹೇಳಬಹುದು. ಹುಬ್ಬಳ್ಳಿಯ ನಮ್ಮ ಸಭೆಯವರು ಆ ದಿನ ನಸುಕಿನಲ್ಲೇ ಸ್ಮಶಾನಕ್ಕೆ ಹೋಗಿ, ಸುಣ್ಣ ಬಳಿದ ಸಮಾಧಿಗಳ ನಡುವೆ ನಿಂತು ಹಾಡುತ್ತೇವೆ. ಸೂರ್ಯ ಹುಟ್ಟುವಷ್ಟರಲ್ಲಿ ಪ್ರಸಂಗ ಮುಗಿಯಬೇಕೆಂಬುದು ನಿಯಮ. ಸೂರ್ಯ ಅದನ್ನು ಪಾಲಿಸುತ್ತಾನೆ, ಅಯ್ಯನವರು ಪಾಲಿಸುವುದಿಲ್ಲ. ಕೊನೆಗಂತೂ ಅವರು "ಕ್ರಿಸ್ತನು ಎದ್ದಿದ್ದಾನೆ" ಎನ್ನುತ್ತಾರೆ. ನಾವು ಪಕ್ಕದವರ ಕೈ ಹಿಡಿದು "ನಿಜವಾಗಿ ಎದ್ದಿದ್ದಾನೆ" ಎನ್ನಬೇಕು. ಆಮೇಲೆ ಅಲ್ಲೇ ಬೇವಿನ ಮರದ ಕೆಳಗೆ ಉಪ್ಪಿಟ್ಟು, ಚಹಾ. ಸತ್ತವರ ನಡುವೆ ನಿಂತಾಗಲೂ ಇಷ್ಟು ಹಸಿವಾಗುವುದೇ ಪುನರುತ್ಥಾನಕ್ಕೆ ಸಾಕ್ಷಿ ಎಂಬುದು ನನ್ನ ಸ್ವಂತ ಸಿದ್ಧಾಂತ.

ಆದರೆ ಈ ಕೈ ಹಿಡಿಯುವ ಪದ್ಧತಿ ನಮ್ಮ ಮನೆತನಕ್ಕೆ ದೊಡ್ಡ ಪೇಚು ತಂದಿಟ್ಟಿತ್ತು. ಪೇಚಿನ ಮೂಲ ಒಂದು ಜಾಗದ ಜಗಳ. ಈ ಹಳೆಯ ಸ್ಮಶಾನ ತುಂಬಿಹೋಗಿದೆ. ನಮ್ಮ ಪಾಲಿಗೆ ಉಳಿದಿರುವುದು ಒಂದೇ ಜಾಗ. ಅದರ ಎಡಕ್ಕೆ ಅಪ್ಪ, ಬಲಕ್ಕೆ ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ. ಗಂಡನ ಪಕ್ಕದ ಜಾಗ ತನ್ನದೆಂದು ಅವ್ವ, ತನ್ನದೆಂದು ಕಾಕಾನ ಹೆಂಡತಿ ಕಾಕು. ಇಬ್ಬರೂ ಹೇಳಿದ್ದು ನಿಜವೇ, ಜಗಳ ಬಗೆಹರಿಯದಿರಲು ಇನ್ನೇನು ಬೇಕು? ಸೋತವರು ತಾರಿಹಾಳದ ಫ್ಯಾಕ್ಟರಿಗಳ ಕಡೆಯ ಹೊಸ ಸ್ಮಶಾನಕ್ಕೆ ಹೋಗಬೇಕು. ಗೆಲ್ಲಬೇಕಾದರೆ ಮೊದಲು ಸಾಯಬೇಕು.

ಅಯ್ಯನವರು ಸಮಾಧಾನ ಮಾಡಲು ಬಂದರು. ಕಡೆಯ ದಿನ ದೇವರ ತುತ್ತೂರಿ ಊದಿದಾಗ ಎಲ್ಲರೂ ಏಳುವವರೇ, ಎಲ್ಲಿ ಮಲಗಿದರೇನು ಎಂದರು. ಅವ್ವ ಅವರಿಗೆ ಚಹಾ ಕೊಟ್ಟು ಹೇಳಿದಳು: "ಅಲ್ರೀ, ಆ ಫ್ಯಾಕ್ಟರಿ ಸಪ್ಪಳದಾಗ ಕಡೀ ತುತ್ತೂರಿ ಕೇಳತೈತೇನ್ರಿ? ಮತ್ತ, ಎದ್ದ ಕೂಡಲೇ ನನಗ ಇವರ ಮಾರಿ ಕಾಣಬೇಕ್ರಿ." ಅಯ್ಯನವರು ಚಹಾ ಕುಡಿದು ಎದ್ದು ಹೋದರು.

ಅಲ್ಲಿಂದ ಅವ್ವ, ಕಾಕು ಇಬ್ಬರಿಗೂ ಮಾತು ಬಂದ್. ಕಮರಿಪೇಟೆಯ ಒಂದೇ ಮನೆ, ಎರಡು ಬಾಗಿಲು. ಒಗ್ಗರಣೆಯ ವಾಸನೆ ಆಚೀಚೆ ಹೋಗುತ್ತಿತ್ತು, ಮಾತು ಹೋಗುತ್ತಿರಲಿಲ್ಲ. ಈಸ್ಟರ್ ದಿನ ಖಾಲಿ ಜಾಗದ ಆಚೆಗೊಬ್ಬಳು, ಈಚೆಗೊಬ್ಬಳು ನಿಂತು, ಸಾವು ಸೋತಿತೆಂದು ಜೋರಾಗಿ ಹಾಡಿ, ಅಪರಿಚಿತರ ಕೈ ಹಿಡಿಯುತ್ತಿದ್ದರು. ಸತ್ತವರು ಏಳುತ್ತಾರೆಂದು ನಂಬುವ ನಾವು, ಸತ್ತ ಮಾತೊಂದು ಎದ್ದೀತೆಂದು ಮಾತ್ರ ನಂಬಿರಲಿಲ್ಲ.

ಈ ಸಲ ಹಬ್ಬಕ್ಕೆ ಮುಂಚೆ ಕಾಕು ಜ್ವರ ಬಂದು ಮಲಗಿದಳು. ಊಟ ಬಿಟ್ಟಳು, ಔಷಧಿಗೂ ಮುಖ ತಿರುಗಿಸಿದಳು. ನಾನು ಬಾಗಿಲಲ್ಲಿ ನಿಂತು ಚಿಂತೆ ಮಾಡಿದೆ. ಮೊದಲ ಈಸ್ಟರಿನಂದೂ ಹೆಂಗಸರು ಕ್ರಿಸ್ತನ ಸಮಾಧಿಗೆ ನಡೆದರು, ಗಂಡಸರು ಮನೆಯಲ್ಲಿ ಕೂತಿದ್ದರು. ನಾನು ಸಂಪ್ರದಾಯ ಮುರಿಯಲಿಲ್ಲ. ಅವ್ವ ಜೋಳದ ಅಂಬಲಿ ಕಾಯಿಸಿಕೊಂಡು ಆ ಇನ್ನೊಂದು ಬಾಗಿಲು ದಾಟಿದಳು. ಕಾಕುವಿನ ತಲೆದಿಂಬು ಸರಿಮಾಡಿ, ವರ್ಷಗಳ ಮೌನವನ್ನು ಬೈಗುಳದಿಂದಲೇ ಮುರಿದಳು.

"ಮೊದಲ ಹೋಗಿ ಜಾಗಾ ಹಿಡೀಬೇಕಂತ ಮಾಡಿಯೇನು? ನಾ ಬಿಡಾಂಗಿಲ್ಲ. ಬಾಯಿ ತಗಿ, ಕುಡಿ."

ಕಾಕು ಅತ್ತಳು, ಕುಡಿದಳು. ಅವ್ವ ದಿನವೂ ಹೋದಳು. ಯಾರಾದರೂ ಕೇಳಿದರೆ, ಜಾಗ ಕಾಯುತ್ತಿದ್ದೇನೆ ಎನ್ನುವಳು.

ಈಸ್ಟರ್ ನಸುಕಿನಲ್ಲಿ ಕಾಕುವಿಗೆ ನಿಲ್ಲಲು ತ್ರಾಣವಿರಲಿಲ್ಲ. ಕೂರಲು ಇದ್ದದ್ದು ಆ ಖಾಲಿ ಜಾಗ ಒಂದೇ. ಅವ್ವ ಅಲ್ಲಿ ಜಮಖಾನೆ ಹಾಸಿ ಅವಳನ್ನು ಕೂರಿಸಿ ತಾನೂ ಪಕ್ಕ ಕೂತಳು. ಅಯ್ಯನವರು ಘೋಷಿಸಿದಾಗ ಇಬ್ಬರೂ ಕೈ ಹಿಡಿದು ಉತ್ತರಿಸಿದರು, ಉಪ್ಪಿಟ್ಟು ಬರುವವರೆಗೂ ಬಿಡಲಿಲ್ಲ. ನನಗೆ ಕಣ್ಣು ತುಂಬಿತು. ಉಪ್ಪಿಟ್ಟಿನ ಹಸಿಮೆಣಸಿನಕಾಯಿ ಎಂದು ಎಲ್ಲರಿಗೂ ಹೇಳಿದೆ.

ತಟ್ಟೆ ಖಾಲಿಯಾದ ಮೇಲೆ ಕಾಕು ನನ್ನನ್ನು ಕರೆದು ಅವ್ವನತ್ತ ಕೈ ತೋರಿದಳು. "ಅಕ್ಕಗ ಕಿವಿ ಮಂದ ಆಗ್ಯಾವ, ಆಕಿ ಇಲ್ಲೇ ಇರಲಿ. ತಾರಿಹಾಳಕ್ಕ ನಾ ಹೋಗತೇನಿ. ನನಗ ತುತ್ತೂರಿ ಕೇಳತೈತಿ."

ಈ ಮಾತು ಮಾತ್ರ ಅವ್ವನ ಮಂದ ಕಿವಿಗೆ ಸ್ಪಷ್ಟವಾಗಿ ಬಿತ್ತು. "ಅಲ್ಲಿ ನೀ ಒಬ್ಬಾಕೀನ ಮಲಗತೀಯೇನು? ಸುಮ್ನ ಕೂಡು. ನಾ ಹೋಗತೇನಿ."

ಈಗ ಹೊಸ ಜಗಳ ಶುರುವಾಗಿದೆ. ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಾರೆ, ಇಬ್ಬರೂ ಒಪ್ಪುವುದಿಲ್ಲ. ಬಗೆಹರಿಸಲು ಹೊರಟ ಅಯ್ಯನವರನ್ನು ನಾನೇ ತಡೆದೆ. ಈಸ್ಟರಿನ ಶುಭವಾರ್ತೆಯೆಂದರೆ ಸಮಾಧಿ ಖಾಲಿ ಎಂಬುದೇ ಅಲ್ಲವೇ? ನಮ್ಮದೂ ಖಾಲಿಯಾಗಿಯೇ ಇದೆ, ಇರಲಿ ಬಿಡಿ.